ಹಿತ್ತಲ ಕಲ್ಲು

ಮದುವೆಯಾಗಿ ನ್ಯಾಮತಿಗೆ ಬಂದ ಮಾರನೆಯ ದಿನವೇ ನನಗೆ ಪರಿಚಯವಾದದ್ದು ಹಿತ್ತಲಿನ ಒಗೆಯುವ ಕಲ್ಲು. "ಇಂಥ ಕಲ್ಲು ಈ ಕೇರಿಯಲ್ಲೇ ಇಲ್ಲ" ಎಂದು ಅತ್ತೆ ಹೆಮ್ಮೆಪಟ್ಟಿದ್ದರು. ನಿಜ, ಕೈಯಿಟ್ಟರೆ ಜಾರುವಷ್ಟು ನುಣುಪು. ಮಾವನವರ ಪಂಚೆಯಿಂದ ಹಿಡಿದು ಮಕ್ಕಳ ಯೂನಿಫಾರಂವರೆಗೆ ಅದರ ಮೇಲೆ ಎಷ್ಟು ಬಟ್ಟೆ ಕುಕ್ಕಿದ್ದೇನೋ! ಸಿಟ್ಟು ಬಂದ ದಿನ ಎರಡೇಟು ಜಾಸ್ತಿಯೇ.

ಆ ಕಲ್ಲಿನ ಮಾತು ಈಗೇಕೆ ಬಂತೆಂದರೆ, ಲಂಡನ್ನಿನಲ್ಲಿರುವ ಮಗಳು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ ಟಿಪ್ಪುವಿನ ಹುಲಿಯ ಫೋಟೋ ಕಳಿಸಿದ್ದಳು. ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗಿನವನು ನರಳುತ್ತಾನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಹಡಗು ಹತ್ತಿತು. ಆ ರಾತ್ರಿ ಸಿಪಾಯಿಗಳು ಮನೆಮನೆಗೆ ನುಗ್ಗಿದ್ದು ಒಂದು ಕಡೆಗಿರಲಿ. ಆಮೇಲೆ ಲೂಟಿಯ ಲೆಕ್ಕ ಬರೆಯುವುದಕ್ಕೇ ಅಧಿಕಾರಿಗಳು ನೇಮಕವಾದರು! ದರ್ಜೆಯ ಪ್ರಕಾರ ಪಾಲು. ಚಿನ್ನದ ತಗಡು ಹೊದಿಸಿದ್ದ ಸಿಂಹಾಸನವನ್ನು ಹಂಚುವುದಕ್ಕೆಂದೇ ಒಡೆದು ತುಂಡು ಮಾಡಿದರು, ಅಜ್ಜಿಯ ಡಾಬನ್ನು ಮೊಮ್ಮಕ್ಕಳು ಕತ್ತರಿಸಿ ಹಂಚಿಕೊಂಡ ಹಾಗೆ.

ಗೆದ್ದವರ ಕೈ ಈಗಲೂ ಸುಮ್ಮನಿಲ್ಲ. ಕ್ರಿಮಿಯಾದಲ್ಲಿ ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರು ಕಟ್ಟಿದ ಕೆರ್ಸೊನೆಸಸ್ ಎಂಬ ಪಟ್ಟಣದ ಅವಶೇಷಗಳಿವೆ. 2014ರಲ್ಲಿ ಉಕ್ರೇನಿನಿಂದ ಆ ನೆಲ ಕಿತ್ತುಕೊಂಡ ರಷ್ಯಾ ಅಲ್ಲಿ ದೊಡ್ಡದಾಗಿ ಅಗೆದು ಹೊಸ ಕಟ್ಟಡಗಳನ್ನೆಬ್ಬಿಸಿತು. ಆಕ್ರಮಿಸಿದ ನೆಲದಲ್ಲಿ, ಉಳಿಸಿಕೊಳ್ಳಲು ತೀರ ಅನಿವಾರ್ಯವಾದ ಹೊರತು, ಅಗೆಯಕೂಡದೆಂದು 1999ರ ಅಂತರರಾಷ್ಟ್ರೀಯ ಒಪ್ಪಂದವೊಂದು ಹೇಳುತ್ತದೆ. ರಷ್ಯಾ ಅದಕ್ಕೆ ಸೇರಿಲ್ಲ.

"ಅಗೆದರೇನು ತಪ್ಪು? ಒಳಗಿದ್ದದ್ದು ಹೊರಗೆ ಬಂತು" ಎಂದರು ನಮ್ಮನೆಯವರು. ನಾನು ಬಿಡಲಿಲ್ಲ. "ನಿಮ್ಮಮ್ಮನ ಟ್ರಂಕನ್ನು ಯಾರೋ ಬೀದಿಯಲ್ಲಿ ಸುರಿದರೆ, ಯಾವ ಸೀರೆ ಯಾರ ಮದುವೆಯದು, ಯಾವ ಕುಲಾವಿ ಯಾವ ಮಗುವಿನದು ಅಂತ ಹೇಳೋಕಾಗುತ್ತಾ? ಮಡಕೆಯೂ ಹಾಗೇ. ಯಾವ ಮಣ್ಣಲ್ಲಿ, ಯಾವುದರ ಪಕ್ಕ ಇತ್ತು ಅನ್ನೋದರಲ್ಲೇ ಅದರ ಕಥೆ." ಹಾಳುಗುಡಿಯ ಲಿಂಗ ಉರುಳಿಸಿ, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗುವ ನಮ್ಮ ಕಡೆಯ ನಿಧಿಗಳ್ಳರಿಗೂ ಅದೇ ಉಸಿರಿನಲ್ಲಿ ಬೈದೆ.

ಅದೇ ವಾರ ಪೈಪು ಹಾಕಲು ಬಂದ ಗಾರೆಯವನು ಒಗೆಯುವ ಕಲ್ಲನ್ನು ಹಾರೆ ಕೊಟ್ಟು ಮಗುಚಿದ.

ಕೆಸರು ತೊಳೆದಾಗ ಮೂರು ಅಂಕಣ ಕಂಡವು. ಕೆಳಗೆ ಹಸುಗಳ ಹಿಂಡು, ಬಿಲ್ಲು ಹಿಡಿದವನೊಬ್ಬ. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೊಯ್ಯುವ ಇಬ್ಬರು ಹೆಂಗಸರು. ಮೇಲೆ ಲಿಂಗ, ಸೂರ್ಯ, ಚಂದ್ರ. ವೀರಗಲ್ಲು. ಬೆನ್ನನ್ನು ಕೆತ್ತಿಸಿ ನುಣುಪು ಮಾಡಿಸಿ, ಮುಖವನ್ನು ನೆಲಕ್ಕೆ ಹಾಕಿದ್ದರು. ತುರು ಬಿಡಿಸಲು ಹೋಗಿ ಸತ್ತವನ ಬೆನ್ನ ಮೇಲೆ ನಾನು ಮೂವತ್ತು ವರ್ಷ ಬಟ್ಟೆ ಒಗೆದಿದ್ದೆ. ನಮ್ಮನೆಯವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು. ನಿವೃತ್ತ ಮೇಷ್ಟರೊಬ್ಬರು ಬಂದು ಸುಣ್ಣದ ಪುಡಿ ಸವರಿ ನೋಡಿದರು. 'ತುಱು' ಎಂಬ ಎರಡಕ್ಷರ ಬಿಟ್ಟರೆ ಮಿಕ್ಕಿದ್ದು ಸೋಪಿನ ನೀರಿಗೆ ಸವೆದಿತ್ತು. ಆದರೂ ಅವರಿಗೆ ಆಸೆ. ಬಿ. ಎಲ್. ರೈಸ್ 1902ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಹೊನ್ನಾಳಿ ತಾಲ್ಲೂಕಿನ ಶಾಸನಗಳಿವೆ. ನ್ಯಾಮತಿ ಆಗ ಆ ತಾಲ್ಲೂಕಿನೊಳಗೇ ಇತ್ತು. ಇದನ್ನೂ ಯಾರಾದರೂ ಓದಿಟ್ಟಿದ್ದರೆ ವೀರನ ಹೆಸರು ಸಿಕ್ಕೀತು. "ಆದರೆ ಅದರಲ್ಲಿ ಊರಿನ ಹೆಸರು ಹಿಡಿದು ಹುಡುಕಬೇಕಮ್ಮ. ಇದು ಯಾವ ಊರಿನ ಕಲ್ಲು?" ಎಂದರು.

ಪುರಾತತ್ವ ಇಲಾಖೆಗೆ ಕಾಗದ ಬರೆಯಲು ಕೂತಾಗಲೂ ಅಲ್ಲಿಗೇ ಬಂದು ಪೆನ್ನು ನಿಂತಿತು. ಮಾವನವರು ತೀರಿಕೊಂಡಿದ್ದಾರೆ. ಉಳಿದವರು ಅತ್ತೆ, ಕಿವಿ ಮಂದ. ಹತ್ತಿರ ಕೂತು ಕೂಗಿ ಕೇಳಿದೆ.

"ಗಾಡೀಲಿ ತಂದ್ರು. ಎತ್ತು ಏದುಸಿರು ಬಿಡ್ತಿದ್ವು, ನಾನೇ ಬೆಲ್ಲ ತಿನ್ನಿಸಿದ್ದೆ."

"ಯಾವ ಕಡೆಯಿಂದ ತಂದ್ರು ಅತ್ತೆ?"

ಬಹಳ ಹೊತ್ತು ಯೋಚಿಸಿದರು.

"ಕತ್ತಲಾಗಿತ್ತು ಕಣೆ. ದೀಪ ತರಬೇಡ ಅಂದಿದ್ರು ನಿಮ್ಮ ಮಾವ."