ಹೆಲಿಕಾಪ್ಟರ್ ಬರುವ ತನಕ ಏನು ಮಾಡೋಣ?

ಉತ್ತರ ಕನ್ನಡದಲ್ಲಿ ಸುದ್ದಿ ಬರೆಯುವ ನಮಗೆ ಅಪಘಾತದ ವರದಿಯ ಕೊನೆಯ ಸಾಲು ಬಾಯಿಪಾಠ: ‘ಹೆಚ್ಚಿನ ಚಿಕಿತ್ಸೆಗೆ ಮಣಿಪಾಲಕ್ಕೆ ಕರೆದೊಯ್ಯಲಾಗಿದೆ.’ ಆ ಒಂದು ಸಾಲಿನೊಳಗೆ ಹೊನ್ನಾವರದಿಂದಾದರೆ 100 ಕಿ.ಮೀ.ಗೂ ಹೆಚ್ಚು, ಕಾರವಾರದಿಂದಾದರೆ 200 ಕಿ.ಮೀ.ಗೂ ಹೆಚ್ಚು ದಾರಿ ಇದೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಳೆಗೆ ಜಾರಿ ಮಗುಚಿತು. ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಆಗ ಮತ್ತೆ ಜೋರಾಯಿತು.

‘ಒಂದು ಹೆಲಿಕಾಪ್ಟರ್ ಕೊಟ್ರೆ ಆಗ್ತಿತ್ತಲ್ರೀ’ ಎಂದು ನಮ್ಮನ್ನು ಕೇಳುವವರಿದ್ದಾರೆ. ಋಷಿಕೇಶದ ಏಮ್ಸ್‌ನಲ್ಲಿ 2024ರ ಅಕ್ಟೋಬರ್‌ನಲ್ಲಿ ಅಂಥ ಸೇವೆ ಶುರುವಾಯಿತು, ಹೆಸರು ಸಂಜೀವಿನಿ. 2025ರ ಮೇ ತಿಂಗಳಲ್ಲಿ ರೋಗಿಯನ್ನು ತರಲು ಕೇದಾರನಾಥಕ್ಕೆ ಹೋದ ಆ ಹೆಲಿಕಾಪ್ಟರ್ ಇಳಿಯುವಾಗ ನೆಲಕ್ಕಪ್ಪಳಿಸಿ ಬಾಲ ಮುರಿದುಕೊಂಡಿತು. ಪುಣ್ಯಕ್ಕೆ ಒಳಗಿದ್ದವರು ಉಳಿದರು. ಬೆಟ್ಟದಲ್ಲಿ ಹಾರುವುದು ಸುಲಭವಲ್ಲ. ನಮ್ಮ ಘಟ್ಟದಲ್ಲೂ ಮಳೆಗಾಲದ ಮೋಡ, ಕಾಡು, ಅಡಿಕೆ ತೋಟ, ಕರೆಂಟಿನ ತಂತಿ. ಇಳಿಯಲು ಬಯಲೆಲ್ಲಿ?

ಬೇಡ ಅನ್ನುತ್ತಿಲ್ಲ, ಬರಲಿ. ಆದರೆ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ರೋಗಿಯನ್ನು ಹೊತ್ತು ತರುವ ಊರುಗಳು ಇನ್ನೂ ಇವೆ. ಅಲ್ಲಿಗೆ ಮೊದಲು ಬೇಕಾದದ್ದು ಕಾಲುಸಂಕ, ರಸ್ತೆ, ಫೋನಿಗೆ ಸಿಗ್ನಲ್. 2008ರಿಂದ ನಮ್ಮ ರಾಜ್ಯದಲ್ಲಿರುವ 108 ಗಾಡಿಯೂ ರಸ್ತೆ ಇದ್ದಲ್ಲಿಗೆ ಮಾತ್ರ ಬರುತ್ತದೆ.

ಗಾಡಿ ಬರುವ ತನಕ ಗಾಯಾಳುವಿನ ಜೀವ ಅಕ್ಕಪಕ್ಕ ನಿಂತವರ ಕೈಯಲ್ಲಿ. ರಕ್ತ ಸೋರುವಲ್ಲಿ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ, ಬೆಂಕಿಯಂಥ ಅಪಾಯ ಇಲ್ಲದ ಹೊರತು ಎತ್ತಿ ಕೂರಿಸಬೇಡಿ. 108ಕ್ಕೆ ಫೋನ್ ಮಾಡಿದಾಗ ಊರಿನ ಹೆಸರಿನ ಜೊತೆ ಶಾಲೆಯೋ ದೇವಸ್ಥಾನವೋ ಗುರುತು ಹೇಳಿ, ಒಬ್ಬರು ಮುಖ್ಯ ರಸ್ತೆಯಲ್ಲಿ ನಿಂತು ದಾರಿ ತೋರಿಸಿ.

‘ಮುಟ್ಟಿದ್ರೆ ಪೊಲೀಸ್ ಸ್ಟೇಷನ್ ಅಲೆಸ್ತಾರೆ’ ಎಂಬ ಹೆದರಿಕೆ ನಾವು ಹೋದಲ್ಲೆಲ್ಲ ಕೇಳುತ್ತೇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ದೊಡ್ಡ ಆಸ್ಪತ್ರೆಗಾಗಿ ಕೇಳುತ್ತಲೇ ಇರೋಣ, ನಾವು ಬರೆಯುತ್ತಲೇ ಇರುತ್ತೇವೆ. ಅಷ್ಟರಲ್ಲಿ ನಿಮ್ಮ ಕೇರಿಯಲ್ಲಿ ರಾತ್ರಿ ಹೊತ್ತು ಗಾಡಿ ತೆಗೆಯುವವರು ಯಾರು ಎಂದು ಇವತ್ತೇ ಮಾತಾಡಿ, ಅವರ ನಂಬರ್ ಮನೆಯವರ ಫೋನಿನಲ್ಲೂ ಹಾಕಿಡಿ.