ವಾರಕ್ಕೆ 20 ಪೌಂಡ್

ಯೂನಿಯನ್ ಅಂದ ತಕ್ಷಣ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ತಲೆಗೆ ಬರೋದು ಬಸ್ ಮುಷ್ಕರ, ಕೆಂಪು ಬಾವುಟ, "ಇವತ್ತು ಕ್ಲಾಸ್ ಇದ್ಯಾ ಇಲ್ವಾ" ಅನ್ನೋ ಮೆಸೇಜು. ಪ್ರೀಮಿಯರ್ ಲೀಗ್ ನೋಡ್ತಾ ಯಾರಿಗೆ ವಾರಕ್ಕೆ ಎಷ್ಟು ಲಕ್ಷ ಪೌಂಡ್ ಅಂತ ಜಗಳ ಆಡುವ ನಮಗೆ, ಆ ಆಟಗಾರರಿಗೂ ಒಂದು ಯೂನಿಯನ್ ಇದೆ ಅಂತ ಗೊತ್ತಾದಾಗ ಮೊದಲು ಬಂದದ್ದು ನಗು. ಕೋಟ್ಯಧಿಪತಿಗಳಿಗೆ ಯಾಕಪ್ಪಾ ಯೂನಿಯನ್ನು?

ಆದರೆ 1961ರ ಜನವರಿವರೆಗೂ ಇಂಗ್ಲೆಂಡಿನಲ್ಲಿ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಪಂದ್ಯಗಳಿಲ್ಲದ ಬೇಸಿಗೆಯಲ್ಲಿ 17. ಈ ಮಿತಿ ಶುರುವಾದದ್ದು 1901ರಲ್ಲಿ, ಆಗ 4 ಪೌಂಡ್. ಅದಕ್ಕಿಂತ ನಮಗೆ ಸಿಟ್ಟು ತರಿಸಿದ್ದು ಇನ್ನೊಂದು ನಿಯಮ. ಕಾಂಟ್ರಾಕ್ಟ್ ಮುಗಿದ ಮೇಲೂ ಆಟಗಾರನ ನೋಂದಣಿಯನ್ನು ಕ್ಲಬ್ಬು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದಿತ್ತು. ಅವರು ಬಿಟ್ಟರೆ ಉಂಟು, ಇಲ್ಲಾಂದ್ರೆ ಮನೇಲಿ ಕೂರಬೇಕು. (ಆಫರ್ ಲೆಟರ್‌ನಲ್ಲಿ ಬಾಂಡ್ ನೋಡಿ ಗೊಣಗುವ ನಮ್ಮ ಸೀನಿಯರ್‌ಗಳಿಗೆ ಇದನ್ನು ಹೇಳಬೇಕು. ಬಾಂಡಿಗೆ ಕೊನೇಪಕ್ಷ ಮುಗಿಯೋ ದಿನ ಅಂತ ಒಂದಿರುತ್ತೆ.)

ಯೂನಿಯನ್ ಹುಟ್ಟಿದ್ದು 1907ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಮುಂದೆ ನಿಂತವರು ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮುಂತಾದವರು. ಅದೇ ವರ್ಷ ಅವರ ಜೊತೆಗಾರ ಥಾಮಸ್ ಬ್ಲ್ಯಾಕ್‌ಸ್ಟಾಕ್ ರಿಸರ್ವ್ ಪಂದ್ಯವೊಂದರಲ್ಲಿ ಕುಸಿದುಬಿದ್ದು ತೀರಿಕೊಂಡಿದ್ದ. ಮನೆಯವರಿಗೆ ಪರಿಹಾರ ಸಿಗಲಿಲ್ಲ. 1909ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ "ಯೂನಿಯನ್ ಬಿಡಿ, ಇಲ್ಲಾಂದ್ರೆ ಆಡಬೇಡಿ" ಅಂತು. ತುಂಬಾ ಜನ ಬಿಟ್ಟರು. ಅದೇ ವರ್ಷ ಎಫ್‌ಎ ಕಪ್ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಬಿಡಲಿಲ್ಲ. 'ಬಹಿಷ್ಕೃತರ ಕ್ಲಬ್' ಅಂತ ಬೋರ್ಡ್ ಹಿಡ್ಕೊಂಡು ಫೋಟೋ ಬೇರೆ ತೆಗೆಸಿಕೊಂಡರು! ಕೊನೆಗೆ ಅಸೋಸಿಯೇಷನ್ ಯೂನಿಯನ್ನನ್ನು ಒಪ್ಪಿತು, ಆದರೆ ಸಂಬಳದ ಮಿತಿ ಹಾಗೇ ಉಳಿಯಿತು. ಮತ್ತೆ ಐವತ್ತು ವರ್ಷ.

1960ರಲ್ಲಿ ನ್ಯೂಕ್ಯಾಸಲ್ ಕ್ಲಬ್ಬಿನ ಜಾರ್ಜ್ ಈಸ್ಟ್‌ಹ್ಯಾಮ್ ಬೇರೆ ಕಡೆ ಹೋಗ್ತೀನಿ ಅಂದಾಗ ಕ್ಲಬ್ಬು ಬಿಡಲಿಲ್ಲ. ಅವನು ಆಟವನ್ನೇ ಬಿಟ್ಟು ದಕ್ಷಿಣಕ್ಕೆ ಹೋಗಿ ಕಾರ್ಕ್ ಮಾರುವ ಕೆಲಸಕ್ಕೆ ಸೇರಿದ. ಕೊನೆಗೆ ಆರ್ಸೆನಲ್‌ಗೆ ಹೋಗಲು ಬಿಟ್ಟರೂ ಅವನು ಸುಮ್ಮನಾಗಲಿಲ್ಲ. ಯೂನಿಯನ್ ಬೆಂಬಲದಿಂದ ಕೋರ್ಟಿಗೆ ಹೋದ. 1963ರಲ್ಲಿ ಹೈಕೋರ್ಟ್ ಆ ನಿಯಮ ನ್ಯಾಯವಲ್ಲ ಅಂತ ತೀರ್ಪು ಕೊಟ್ಟಿತು.

ಅಷ್ಟರಲ್ಲಿ ಯೂನಿಯನ್ ಅಧ್ಯಕ್ಷ ಜಿಮ್ಮಿ ಹಿಲ್ ಊರೂರಲ್ಲಿ ಸಭೆ ಮಾಡ್ತಿದ್ದ. ಮ್ಯಾಂಚೆಸ್ಟರ್ ಸಭೆಯ ಒಂದು ಕಥೆ ನಮಗೆಲ್ಲ ಭಾಳ ಇಷ್ಟ. ಒಬ್ಬ ಹುಡುಗ ಎದ್ದು, ನಮ್ಮಪ್ಪ ಗಣಿಯಲ್ಲಿ ನಮಗಿಂತ ಕಷ್ಟಪಟ್ಟು ಕಮ್ಮಿ ದುಡೀತಾರೆ, ನಮಗೆ ಇನ್ನೂ ಯಾಕೆ ಬೇಕು ಅಂದನಂತೆ. ಬೋಲ್ಟನ್‌ನ ಟಾಮಿ ಬ್ಯಾಂಕ್ಸ್ ಎದ್ದು, ಸರಿಯಪ್ಪ, ಆದ್ರೆ ಸಾವಿರಾರು ಜನರ ಮುಂದೆ ಸ್ಟ್ಯಾನ್ಲಿ ಮ್ಯಾಥ್ಯೂಸ್‌ನ ತಡೆಯೋಕೆ ನಿಮ್ಮಪ್ಪನ ಕೈಲಾಗುತ್ತಾ ಅನ್ನೋ ಅರ್ಥದಲ್ಲಿ ಕೇಳಿದನಂತೆ. ಉತ್ತರ ಚೆನ್ನಾಗಿದೆ. ಆದ್ರೆ ಆ ಹುಡುಗನ ಪ್ರಶ್ನೆಯೂ ಸುಳ್ಳಲ್ಲ, ಗಣಿ ಕೆಲಸ ಕಷ್ಟವೇ. ಅಪ್ಪನ ಸಂಬಳ ಕಮ್ಮಿ ಅಂದ್ರೆ ಅಪ್ಪನಿಗೆ ಜಾಸ್ತಿ ಕೇಳಬೇಕು, ಮಗನಿಗೆ ಕಮ್ಮಿ ಯಾಕೆ ಅನ್ನೋದು ನಮ್ಮ ವಾದ.

ಮುಷ್ಕರಕ್ಕೆ ದಿನವೂ ಗೊತ್ತಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ಕ್ಲಬ್ಬುಗಳು ಮಣಿದವು, ಮಿತಿ ಹೋಯಿತು. ಫುಲ್‌ಹ್ಯಾಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. ಎಲ್ಲರಿಗೂ ಅಷ್ಟು ಸಿಗಲಿಲ್ಲ. ಜನ್ಮದಲ್ಲಿ 100 ಪೌಂಡ್ ಕಾಣದ ಸಣ್ಣ ಕ್ಲಬ್ಬಿನವರೂ ಮುಷ್ಕರಕ್ಕೆ ಹೂಂ ಅಂದಿದ್ದರು ಅನ್ನೋದೇ ನಮಗೆ ದೊಡ್ಡ ವಿಷಯ.

ಇದೆಲ್ಲ ಹಳೇ ಕಥೆ ಅಂದುಕೊಂಡಿದ್ದವರಿಗೆ 2025ರ ಆಗಸ್ಟ್ ಇದೆ. ಐಎಸ್‌ಎಲ್ ನಡೆಯುತ್ತೋ ಇಲ್ವೋ ಗೊತ್ತಿಲ್ಲದ ಸಮಯದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟವಾಗಿ ನಿಲ್ಲಿಸಿತು. ನಮ್ಮಲ್ಲೂ ಆಟಗಾರರ ಸಂಘ ಇದೆ, 2006ರಲ್ಲಿ ಶುರುವಾದದ್ದು. ಪಂದ್ಯವೇ ಇಲ್ಲದಾಗ ಮಾಲೀಕ ಎಲ್ಲಿಂದ ಕೊಡ್ತಾನೆ ಅಂತ ನಮ್ಮಲ್ಲೇ ಅರ್ಧ ಜನ ಕೇಳ್ತಾರೆ. ಉಳಿದರ್ಧ ಜನ ಆ ಹಳೇ ಇಂಗ್ಲೆಂಡಿನ ಕಂಜೂಸ್ ಕ್ಲಬ್ಬುಗಳನ್ನು ತೋರಿಸ್ತೇವೆ. ಪಂದ್ಯ ಇಲ್ಲದ ಬೇಸಿಗೆಯಲ್ಲೂ ಅವರು 17 ಪೌಂಡ್ ಕೊಡ್ತಿದ್ದರು.