ಎಡಗೈಯ ಪಾಠ

ಓದುಗ ಮಹಾಶಯರೇ, ತಾವು ಎಂದಾದರೂ ಕತ್ತಿ ಹಿಡಿದಿದ್ದೀರಾ? ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಕ್ಷೌರದ ಕತ್ತಿಯ ಮಾತು. ನಮ್ಮ ನಾಗಪುರದ ಮರಾಠಿಗರು 'ವಸ್ತರಾ' ಎಂದೂ ಹಿಂದಿಯವರು 'ಉಸ್ತರಾ' ಎಂದೂ ಕರೆಯುವ ಆ ಮಡಚುವ ಅಲಗನ್ನು, ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡೆ. "ಕೆಲಸವಿಲ್ಲದವನು ಬೆಕ್ಕಿನ ತಲೆ ಬೋಳಿಸಿದನಂತೆ" ಎಂದು ಮನೆಯಾಕೆ ನಕ್ಕಳು. ಮನೆಯಲ್ಲಿ ಬೆಕ್ಕಿಲ್ಲದ ಕಾರಣ ನನ್ನ ಮುಖವೇ ಗತಿಯಾಯಿತು!

ಅಮೆರಿಕದ ಜಿಲೆಟ್ ಎಂಬಾತ ತನ್ನ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದದ್ದು 1904ರಲ್ಲಿ. ಬ್ಲೇಡು ಸವೆದರೆ ಎಸೆದರಾಯಿತು, ಸಾಣೆಯ ಗೊಡವೆಯಿಲ್ಲ. ಕ್ರಮೇಣ ಕತ್ತಿ ಕ್ಷೌರದಂಗಡಿಗಷ್ಟೇ ಉಳಿಯಿತು. ಅಲ್ಲಿಯೂ ಈಗ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಗಳೇ ಹೆಚ್ಚು. ಹೆಪಟೈಟಿಸ್ ಬಿ, ಎಚ್‌ಐವಿಗಳಂಥ ರಕ್ತದಿಂದ ಹರಡುವ ಸೋಂಕುಗಳಿರುವಾಗ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವುದು ಒಳ್ಳೆಯದೇ. ಹೊಸದಾಗಿ ಕಲಿಯುವವರಿಗೂ ಇದೇ ಲೇಸು. ಪೂರ್ತಿ ಉಕ್ಕಿನ ಕತ್ತಿಯಾದರೆ ಪ್ರತಿ ಸಲ ಚರ್ಮದ ಪಟ್ಟಿಯ ಮೇಲೆ ತೀಡಬೇಕು, ಆಗಾಗ ಸಾಣೆಕಲ್ಲಿಗೆ ಹಿಡಿಯಬೇಕು, ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಸವರಿಡಬೇಕು. ತೀಡುವಾಗ ಅಲಗಿನ ಬೆನ್ನು ಮುಂದಾಗಿರಬೇಕು. ಅಂಚು ಮುಂದಾದರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ.

ನನಗೆ ಗುರುವಾದವರು ನಮ್ಮ ಓಣಿಯ ಕ್ಷೌರಿಕರು, ವಯಸ್ಸಿನಲ್ಲೂ ನನಗಿಂತ ಹಿರಿಯರು. ಬಲಗೈಗಿಂತ ಎಡಗೈ ದೊಡ್ಡದು ಎಂಬುದು ಅವರ ಮೊದಲ ಪಾಠ. ಬಲಗೈ ಕತ್ತಿ ಹಿಡಿಯುತ್ತದೆ, ಸರಿ. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಅದನ್ನು ಕಾಯುವುದು ಎಡಗೈ. ಚರ್ಮ ಸಡಿಲವಾಯಿತೋ, ಗಾಯವಾಯಿತೆಂದೇ ತಿಳಿಯಿರಿ.

ಉಳಿದ ಪಾಠಗಳು ಇಷ್ಟು. ಬಿಸಿನೀರಿನ ಸ್ನಾನವಾಗಿ ಗಡ್ಡ ಮೆತ್ತಗಾಗಿರುವಾಗ ಕನ್ನಡಿಯ ಮುಂದೆ ನಿಲ್ಲಿ. ಬ್ರಷ್ಷಿನಿಂದ ದಪ್ಪನೆಯ ನೊರೆ ಏಳಿಸಿ. ನಮ್ಮೂರಿನ ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಒಮ್ಮೆಗೆ ಅರ್ಧ ಮುಖಕ್ಕೆ ಮಾತ್ರ ಹಚ್ಚಿ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ನೆಟ್ಟಗಾದರೆ ಕೊಯ್ಯುತ್ತದೆ, ತೀರ ಮಲಗಿಸಿದರೆ ಕೂದಲನ್ನು ಜಗ್ಗುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲೇ ಸಣ್ಣ ಸಣ್ಣದಾಗಿ ಎಳೆಯಿರಿ. ಒತ್ತಬೇಡಿ, ಅಂಚಿನ ಉದ್ದಕ್ಕೆ ಎಂದೂ ಜಾರಿಸಬೇಡಿ. ಮೊದಲ ವಾರ ಕೆನ್ನೆಗಳು ಮಾತ್ರ. ಮಿಕ್ಕದ್ದಕ್ಕೆ ಹಳೆಯ ರೇಜರ್ ಇರಲಿ. ಗದ್ದ, ಮೇಲ್ತುಟಿ, ಗಂಟಲುಗಳ ಸರದಿ ಕೈ ಪಳಗಿದ ಮೇಲೆ. ಮೊಮ್ಮಕ್ಕಳನ್ನು ಹತ್ತಿರ ಸುಳಿಯಗೊಡಬೇಡಿ. ಸಣ್ಣ ಗೀರಿಗೆ ಪಟಿಕ ಸಾಕು. ಇಲ್ಲಿಯ ಅಂಗಡಿಯಲ್ಲಿ 'ತುರಟಿ' ಎಂದು ಕೇಳಿ.

ನನ್ನ ಮುಖವನ್ನು ನಾನೇ ಬೋಳಿಸಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಮಾತಾಡುವ, ಕೆಮ್ಮುವ, ತೂಕಡಿಸುವ ಅನ್ಯರ ಕೊರಳ ಮೇಲೆ ನಮ್ಮ ಗುರುಗಳು ಅದನ್ನೇ ಹತ್ತು ನಿಮಿಷದಲ್ಲಿ ಮಾಡಿ ಮುಗಿಸುತ್ತಾರೆ!

ಇಂಥ ಕೈಯನ್ನು ನಾವು ಹೇಗೆ ನಡೆಸಿಕೊಂಡೆವು? ನಮ್ಮ ಕಡೆ ಆಯಗಾರರು, ಇಲ್ಲಿ ಬಲುತೇದಾರರು. ಎರಡೂ ಕಡೆ ಕ್ಷೌರಿಕರಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಕ್ಷೌರವಾದವರು ಸ್ನಾನ ಮಾಡುವವರೆಗೆ ಏನನ್ನೂ ಮುಟ್ಟಬಾರದೆಂಬ ಕಟ್ಟುಪಾಡು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೈಮೇಲಿನ ಕೂದಲು ತೊಳೆಯಲು ಸ್ನಾನ ಬೇಕು, ನಿಜ. ಆದರೆ ಅದರ ಹಿಂದೆ ಆ ಕೈಯೇ ಕೀಳೆಂಬ ಭಾವವೂ ಇತ್ತು. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರನ್ನು ಕನ್ನಡ ನಾಡಿನ ಕ್ಷೌರಿಕ ಬಂಧುಗಳು ತಮ್ಮ ಹಿರಿಯರೆಂದು ಪೂಜಿಸುತ್ತಾರೆ. ಮಹಾರಾಷ್ಟ್ರದ ವಾರಕರಿಗಳ ಸಂತ ಸೇನಾ ಮಹಾರಾಜರೂ ಕ್ಷೌರಿಕರೇ. ಸಂತರಿಗೆ ಕೈಮುಗಿದ ನಾವು ಕಸುಬಿಗೆ ಮುಗಿಯಲಿಲ್ಲ.

ನಮ್ಮ ಗುರುಗಳ ಮಗ ಓದಿ ಕಚೇರಿ ಸೇರಿದ್ದಾನೆ, ಸಂತೋಷ. ಆದರೆ ತಂದೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ ಇಂದಿಗೂ ಮಾತು ಮರೆಸುತ್ತಾನಂತೆ. ಅವರು ಇದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಆ ಸಂಕೋಚ ಅವನದಲ್ಲ, ನಾವು ಕೊಟ್ಟದ್ದು.

ಆದ್ದರಿಂದ, ಬಂಧುಗಳೇ, ಕತ್ತಿ ಹಿಡಿಯುವುದು ಬಿಡುವುದು ತಮ್ಮ ಇಷ್ಟ. ಮುಂದಿನ ಸಲ ಆ ಕುರ್ಚಿಯಲ್ಲಿ ಕುಳಿತಾಗ ಮಾತ್ರ, ದಯವಿಟ್ಟು, ಅವರ ಎಡಗೈಯನ್ನು ಗಮನಿಸಿ.